ನಾಬ್‌ನಲ್ಲಿ ಡಿಬಿ, ಕೇಬಲ್‌ನಲ್ಲಿ ವೋಲ್ಟ್: ಒಂದನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕ

ಕಂಪ್ಯೂಟರ್‌ನಲ್ಲೇ ಮಾಡ್ಯುಲರ್ ಸಿಂಥಸೈಜರ್ ಕಟ್ಟುವ ಸಾಫ್ಟ್‌ವೇರ್ ಆದ ವಿಸಿವಿ ರ್‍ಯಾಕ್‌ಗೆ ನಾನು ಬರೆದ ಮೊದಲ ಮಿಕ್ಸರ್ ಮಾಡ್ಯೂಲ್‌ನಲ್ಲಿ ನಾಬನ್ನು ನಟ್ಟನಡುವೆ ಇಟ್ಟರೆ −6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಅಂತ ತೋರಿಸುತ್ತಿತ್ತು. ಕಿವಿಗೆ ಮಾತ್ರ ಸದ್ದು ಅದಕ್ಕಿಂತ ಎಷ್ಟೋ ಕಡಿಮೆ ಅನಿಸುತ್ತಿತ್ತು. ಸಿಗ್ನಲ್‌ನ ಅಲೆಯನ್ನು ತೋರಿಸುವ ಸ್ಕೋಪ್ ಹಾಕಿ ನೋಡಿದೆ. 5 ವೋಲ್ಟ್‌ನ ಸೈನ್ ಅಲೆ ಒಳಗೆ ಹೋಗಿ 1.25 ವೋಲ್ಟ್ ಆಗಿ ಹೊರಗೆ ಬರುತ್ತಿತ್ತು. ಕಾಲು ಭಾಗ, ಅಂದರೆ −12 ಡಿಬಿ. ಕಿವಿ ಹೇಳಿದ್ದೇ ಸರಿ, ನಾಬ್‌ನ ಮೇಲಿನ ಅಂಕಿ ತಪ್ಪು. ಕಾರಣ ಹುಡುಕಲು ಎರಡು ಸಂಜೆ ಬೇಕಾಯಿತು. ನಿಮ್ಮ ಆ ಎರಡು ಸಂಜೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

"5 ವೋಲ್ಟ್ ಅಂದ್ರೆ ಎಷ್ಟು ಡಿಬಿ?" ಅಂತ ಕೇಳಿದರೆ ನೇರ ಉತ್ತರ ಇಲ್ಲ. ಡಿಬಿ ಹೇಳುವುದು ಎರಡು ವೋಲ್ಟ್‌ಗಳ ಅನುಪಾತವನ್ನು. ಯಾವುದಕ್ಕೆ ಹೋಲಿಸಿ ಅನ್ನುವುದು ಮೊದಲು ಗೊತ್ತಿರಬೇಕು. ಅದನ್ನು ಆಧಾರ ಅಂತ ಕರೆಯೋಣ.

ಡಿಬಿ = 20 × ಲಾಗ್10(ವೋಲ್ಟ್ ÷ ಆಧಾರ)
ವೋಲ್ಟ್ = ಆಧಾರ × 10^(ಡಿಬಿ ÷ 20)

20 ಯಾಕೆ? ಡಿಬಿ ಹುಟ್ಟಿದ್ದು ಪವರ್ ಅಳೆಯಲು, ಅಲ್ಲಿ 10 ಸಾಕು. ಪವರ್ ಹೆಚ್ಚುವುದು ವೋಲ್ಟಿನ ವರ್ಗದ ಲೆಕ್ಕದಲ್ಲಿ. ಆ ವರ್ಗ ಲಾಗ್‌ನಿಂದ ಹೊರಗೆ ಬಂದರೆ 2 ಆಗುತ್ತದೆ, 10 ಹೋಗಿ 20 ಆಗುತ್ತದೆ. ಇನ್ನೊಂದು ಎಚ್ಚರ: ಸಿ ಪ್ಲಸ್ ಪ್ಲಸ್‌ನಲ್ಲಿ ಸುಮ್ನೆ ಲಾಗ್ ಅಂತ ಬರೆದರೆ ಸಿಗುವುದು ನ್ಯಾಚುರಲ್ ಲಾಗ್. ಲಾಗ್10 ಅಂತಲೇ ಬರೆಯಬೇಕು.

ರ್‍ಯಾಕ್‌ನ ಆಡಿಯೋ ಮಾಡ್ಯೂಲ್‌ಗೆ ಆಧಾರ 10 ವೋಲ್ಟ್. ಸೌಂಡ್ ಕಾರ್ಡ್‌ನ 0 ಡಿಬಿಎಫ್‌ಎಸ್ (ಅದು ತೋರಿಸಬಲ್ಲ ಗರಿಷ್ಠ ಮಟ್ಟ) ಅಂದರೆ ಅದೇ. ಆಸಿಲೇಟರ್‌ಗಳು ಸಾಮಾನ್ಯವಾಗಿ ±5 ವೋಲ್ಟ್ ಕೊಡುತ್ತವೆ, ಅಂದರೆ ಸುಮಾರು −6. ಆ 6 ಡಿಬಿ ನಿಮ್ಮ ಹೆಡ್‌ರೂಮ್, ಅಂದರೆ ಸದ್ದು ಒಡೆಯುವ ಮುನ್ನ ಉಳಿದಿರುವ ಜಾಗ. ಸ್ಟುಡಿಯೋ ಉಪಕರಣಗಳಲ್ಲಿ ಬಳಸುವ ಡಿಬಿಯು ಮಾತ್ರ ಬೇರೆ ಕಥೆ, ಅದರ ಆಧಾರ 0.775 ವೋಲ್ಟ್ ಆರ್‌ಎಂಎಸ್ (ಅಲೆಯ ತುದಿಯಲ್ಲ, ಒಂಥರಾ ಸರಾಸರಿ). ಸ್ಕೋಪ್‌ನಲ್ಲಿ ಕಾಣುವ ಪೀಕ್ ಅಂಕಿಯನ್ನು ಹಾಗೇ ಅಲ್ಲಿ ಹಾಕಬೇಡಿ. ಸೈನ್ ಆದರೆ ಮೊದಲು 1.414ರಿಂದ ಭಾಗಿಸಿ. 5 ವೋಲ್ಟ್ ಪೀಕ್ 3.54 ಆರ್‌ಎಂಎಸ್ ಆಗುತ್ತದೆ, ಅದು ಸುಮಾರು 13 ಡಿಬಿಯು. ಸ್ಟುಡಿಯೋ ಲೈನ್ ಮಟ್ಟ +4 ಡಿಬಿಯು. ಮಾಡ್ಯುಲರ್ ಸಿಗ್ನಲ್ ಎಷ್ಟು ಜಾಸ್ತಿ ನೋಡಿ.

ಈಗ ನನ್ನ ನಾಬ್. ರ್‍ಯಾಕ್‌ನ ಕಾನ್ಫಿಗ್‌ಪ್ಯಾರಮ್‌ನಲ್ಲಿ (ನಾಬ್ ಹೇಗಿರಬೇಕು ಅಂತ ಹೇಳುವ ಫಂಕ್ಷನ್) ಯೂನಿಟ್ ಆದ ಮೇಲೆ ಡಿಸ್‌ಪ್ಲೇ ಬೇಸ್, ಡಿಸ್‌ಪ್ಲೇ ಮಲ್ಟಿಪ್ಲೈಯರ್ ಅಂತ ಬರುತ್ತವೆ. ಬೇಸ್ −10, ಮಲ್ಟಿಪ್ಲೈಯರ್ 20 ಕೊಟ್ಟರೆ ನಾಬ್ ಒಳಗೆ 0ರಿಂದ 1ರವರೆಗಿನ ಗೇನ್ (ಸಿಗ್ನಲನ್ನು ಗುಣಿಸುವ ಅಂಕಿ) ಇರುತ್ತದೆ, ಹೊರಗೆ ಡಿಬಿ ಕಾಣುತ್ತದೆ. ಬೇಸ್ ಮೈನಸ್ ಇದ್ದರೆ "ಲಾಗ್ ತೆಗೆ" ಅಂತ ಅರ್ಥ. ರೈಟ್ ಕ್ಲಿಕ್ ಮಾಡಿ −6 ಅಂತ ಟೈಪ್ ಮಾಡಿದರೆ ಒಳಗೆ 0.501 ಕೂರುತ್ತದೆ. ತಿರುಗಿಸುವ ಲೆಕ್ಕವನ್ನು ರ್‍ಯಾಕ್ ತಾನೇ ಮಾಡಿಕೊಳ್ಳುತ್ತದೆ.

ನಾನು ಇದನ್ನೆಲ್ಲ ಸರಿಯಾಗಿಯೇ ಬರೆದಿದ್ದೆ. ಆದರೆ ನಾಬ್‌ನ ಕೆಳಭಾಗ ನಯವಾಗಿ ತಿರುಗಲಿ ಅಂತ ಆಡಿಯೋ ಕೋಡ್‌ನಲ್ಲಿ ಅದರ ಬೆಲೆಯನ್ನು ವರ್ಗ ಮಾಡಿದ್ದೆ. 0.5ರ ವರ್ಗ 0.25. ಲೇಬಲ್‌ಗೆ ಈ ವರ್ಗದ ವಿಷಯ ಯಾರೂ ಹೇಳಿರಲಿಲ್ಲ. ವರ್ಗ ಮಾಡಿದರೆ ಮಲ್ಟಿಪ್ಲೈಯರ್ 40 ಇರಬೇಕು, ಘನ ಮಾಡಿದರೆ 60. ಅಷ್ಟೇ ತಿದ್ದುಪಡಿ, ಒಂದು ಅಂಕಿ.

ಸಿವಿ (ಕಂಟ್ರೋಲ್ ವೋಲ್ಟೇಜ್, ಅಂದರೆ ಕೈ ಬದಲು ನಾಬ್ ತಿರುಗಿಸಿದ ಹಾಗೆ ಮಾಡ್ಯೂಲನ್ನು ನಿಯಂತ್ರಿಸುವ ವೋಲ್ಟ್) ವಿಷಯ ನನಗೆ ಇನ್ನೂ ಇಷ್ಟ. 0ರಿಂದ 10 ವೋಲ್ಟ್ ಸಿವಿಯಿಂದ ವಾಲ್ಯೂಮ್ ಇಳಿಸಬೇಕು ಅಂದುಕೊಳ್ಳಿ. ಸಿವಿಯನ್ನು 10ರಿಂದ ಭಾಗಿಸಿ ಗೇನ್ ಮಾಡಿದರೆ 10ರಿಂದ 5ಕ್ಕೆ ಇಳಿಯುವಾಗ ಹೋಗುವುದು ಬರೀ 6 ಡಿಬಿ. 1 ವೋಲ್ಟ್‌ಗೆ ಬಂದಾಗ −20, 0.1ಕ್ಕೆ −40. ನಿಧಾನದ ಫೇಡ್ ಹಾಕಿದರೆ ತುಂಬಾ ಹೊತ್ತು ಏನೂ ಆಗದಂತೆ ಇದ್ದು, ಕೊನೆಯಲ್ಲಿ ಸದ್ದು ದಬಕ್ಕನೆ ಕುಸಿಯುತ್ತದೆ.

ಅದಕ್ಕೆ ನಾನು ಬಳಸುವುದು ಇದು:

ಗೇನ್ = 2^(ಸಿವಿ − 10)

ಒಂದು ವೋಲ್ಟ್ ಇಳಿದರೆ ಗೇನ್ ಅರ್ಧ, ಅಂದರೆ 6.02 ಡಿಬಿ ಕಡಿಮೆ. ಪಿಚ್‌ಗೆ ಒಂದು ವೋಲ್ಟ್‌ಗೆ ಒಂದು ಆಕ್ಟೇವ್ ಇರುತ್ತದಲ್ವಾ, ಅದೇ ನಿಯಮ ವಾಲ್ಯೂಮ್‌ಗೂ ಬಂದ ಹಾಗೆ. ಕ್ಯಾಲ್ಕುಲೇಟರ್ ಬೇಡ: 9 ವೋಲ್ಟ್ ಅರ್ಧ, 8 ವೋಲ್ಟ್ ಕಾಲು, 5 ವೋಲ್ಟ್ ಸುಮಾರು −30.

0 ವೋಲ್ಟ್‌ನಲ್ಲಿ ಗೇನ್ 1024ರಲ್ಲಿ ಒಂದು ಪಾಲು, −60.2 ಡಿಬಿ. ಅದು ಪೂರ್ತಿ ಮೌನ ಆಗಲಿಲ್ಲ. 5 ವೋಲ್ಟ್ ಸಿಗ್ನಲ್‌ನಲ್ಲಿ ಇನ್ನೂ 5 ಮಿಲಿವೋಲ್ಟ್ ಸೋರುತ್ತದೆ. ಹೆಡ್‌ಫೋನ್‌ನಲ್ಲಿ ಗೊತ್ತಾಗುತ್ತದೆ. ಕೋಡ್‌ನಲ್ಲಿ ಇಫ್ ಷರತ್ತು ಹಾಕಿ ಸೊನ್ನೆಗೆ ಕತ್ತರಿಸಿದರೆ ಕ್ಲಿಕ್ ಬರಬಹುದು. ಅದರ ಬದಲು ಸಿವಿ 0.5ಕ್ಕಿಂತ ಕೆಳಗೆ ಬಂದಾಗ ಗೇನನ್ನು (ಸಿವಿ ÷ 0.5)ರಿಂದ ಗುಣಿಸಿ. ಮೆತ್ತಗೆ ಸೊನ್ನೆ ಮುಟ್ಟುತ್ತದೆ.

ಉಳಿದದ್ದು ಮೀಟರ್, ಅಂದರೆ ವೋಲ್ಟ್‌ನಿಂದ ಡಿಬಿಗೆ. ಮೈನಸ್ ಚಿಹ್ನೆ ತೆಗೆಯಿರಿ, 0.0001 ವೋಲ್ಟ್‌ಗಿಂತ ಕೆಳಗೆ ಇಳಿಯಲು ಬಿಡಬೇಡಿ, ಆಮೇಲೆ ಲಾಗ್. ಈ ತಡೆ ಇಲ್ಲದಿದ್ದರೆ ಮೌನ ಬಂದ ಕೂಡಲೇ ಮೈನಸ್ ಅನಂತ ಹುಟ್ಟುತ್ತದೆ. ಅದು ಸ್ಮೂಥಿಂಗ್ ಫಿಲ್ಟರ್‌ಗೆ ಹೊಕ್ಕರೆ ಫಿಲ್ಟರ್ ಕೆಟ್ಟು ಕೂರುತ್ತದೆ, ಸದ್ದು ವಾಪಸ್ ಬಂದರೂ ಮೀಟರ್ ಏಳುವುದಿಲ್ಲ. ಹಾಗಾಗಿ ವೋಲ್ಟ್ ಇರುವಾಗಲೇ ಸ್ಮೂಥ್ ಮಾಡಿ, ಡಿಬಿಗೆ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮುಗಿದ ಮೇಲೆ ಬದಲಾಗದ ವೋಲ್ಟ್ ಕೊಟ್ಟು ಪರೀಕ್ಷೆ ಮಾಡಿ. ಆಧಾರ 10 ಇದ್ದಾಗ 10 ವೋಲ್ಟ್‌ಗೆ 0, 5ಕ್ಕೆ −6.02, 1ಕ್ಕೆ −20 ಬರಬೇಕು. 5ಕ್ಕೆ −3 ಬಂದರೆ 20ರ ಜಾಗದಲ್ಲಿ 10 ಬರೆದಿದ್ದೀರಿ. 1ಕ್ಕೆ −46 ಬಂದರೆ ಲಾಗ್10 ಬದಲು ಲಾಗ್ ಬರೆದಿದ್ದೀರಿ.