ಚಾಮುಂಡಿ ಬೆಟ್ಟ: ಮೆಟ್ಟಿಲು ಹತ್ತುವುದು ಹೇಗೆ?

ಚಾಮುಂಡಿ ಬೆಟ್ಟವನ್ನು ಪಾದದಿಂದ ಹತ್ತಲು ಹೊರಟವರು ಒಂದು ಆಸೆಯನ್ನು ಮೊದಲೇ ಬಿಟ್ಟುಬಿಡಬೇಕು: ಹತ್ತಿದಂತೆಲ್ಲ ಮೈಸೂರು ಕಾಣುತ್ತದೆ ಎಂಬುದು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಈ ದಾರಿಯ ಇಕ್ಕೆಲಗಳಲ್ಲೂ ಮೀಸಲು ಅರಣ್ಯ. ಮಳೆಗಾಲ ಮುಗಿದ ಹೊಸತರಲ್ಲಂತೂ ಎಲೆಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ ಇಣುಕಿದರೆ ಅದೇ ಹೆಚ್ಚು. ನೆರಳು ಬೇಕೆಂದರೆ ಮೆಟ್ಟಿಲು ಹಿಡಿಯಿರಿ. ಊರು ನೋಡುವುದಷ್ಟೇ ಆದರೆ ಬಸ್ಸೇ ವಾಸಿ.

ಬೆಳಕು ಹರಿದ ಮೇಲೆಯೇ ಹೊರಡಿ. ಈ ಕಾಡಿನಲ್ಲಿ ಚಿರತೆಗಳಿವೆ. ಕತ್ತಲಲ್ಲಿ ಒಂಟಿಯಾಗಿ ಹತ್ತುವುದು ಧೈರ್ಯವಲ್ಲ, ಉದ್ಧಟತನ. ಆಷಾಢ ಶುಕ್ರವಾರಗಳ ಸಡಗರವೇ ಬೇರೆ, ಆದರೆ ನಡೆಯಲೆಂದೇ ಬರುವವರಿಗೆ ಆ ದಿನಗಳು ಬೇಡ.

ಆರಂಭದ ಏರು ಕಡಿದು. ಹುಮ್ಮಸ್ಸಿನಲ್ಲಿ ದಡದಡನೆ ಹತ್ತಿದವರು ಇಲ್ಲಿಯೇ ಏದುಸಿರು ಬಿಡುತ್ತಾ ಕುಳಿತಿರುತ್ತಾರೆ. ಮಾತನಾಡುತ್ತಾ ಹತ್ತಲು ಆಗುವಷ್ಟು ವೇಗ ಸಾಕು. ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಪಾದವನ್ನು ಪೂರ್ತಿ ಊರಿ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಬಳಿದು ಕುಂಕುಮವಿಡುತ್ತಾ ಏರುತ್ತಾರೆ. ಅವರಿಗೆ ದಾರಿ ಬಿಟ್ಟು ಬದಿಯಲ್ಲಿ ನಡೆಯಿರಿ. ಮಳೆ ಹನಿದ ದಿನ ಆ ಹಳದಿ ಕರಗಿ ಕೆಳಗಿನ ಮೆಟ್ಟಿಲಿಗೆ ಇಳಿದಿರುತ್ತದೆ, ಕಾಲಿಟ್ಟರೆ ಜಾರುತ್ತದೆ.

ನೀರನ್ನೂ ತಿಂಡಿಯನ್ನೂ ಬೆನ್ನಿನ ಚೀಲದೊಳಗಿಡಿ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲವನ್ನು ಕೋತಿಗಳು ತಮ್ಮದೆಂದೇ ತಿಳಿಯುತ್ತವೆ. ಕಾಡಿಗೆ ಕಸ ಎಸೆಯುವವರಿಗಿಂತ ಅವೇ ಮೇಲು.

ಸುಮಾರು 700 ಮೆಟ್ಟಿಲು ದಾಟಿದರೆ ದೊಡ್ಡ ನಂದಿ. ವಿಶ್ರಾಂತಿ ಇಲ್ಲಿ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 16 ಅಡಿ ಎತ್ತರದ ವಿಗ್ರಹಕ್ಕೆ ಕೈಮುಗಿದು ಹೊರಡುವವರೇ ಬಹಳ. ಅದರ ಕೊರಳಿನ ಗಂಟೆಸರವನ್ನು ಹತ್ತಿರದಿಂದ ನೋಡಿ. ಕಲ್ಲಿನ ಗಂಟೆಗಳು ಒಂದರ ಪಕ್ಕ ಒಂದು ಹಾಗೆಯೇ ಜೋತುಬಿದ್ದಿವೆ. ಆಚೆ ವಾಹನಗಳ ರಸ್ತೆ ಎದುರಾಗುತ್ತದೆ, ಮಕ್ಕಳ ಕೈ ಹಿಡಿದುಕೊಳ್ಳಿ. ಉಳಿದ ಮೆಟ್ಟಿಲುಗಳನ್ನು ಏರಿದರೆ ದೇವಸ್ಥಾನದ ಗೋಪುರ.

ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ಮಂಡಿ. ಮಂಡಿನೋವಿದ್ದವರು ಮೇಲಿನಿಂದ 201ನೇ ನಂಬರಿನ ಸಿಟಿ ಬಸ್ ಹಿಡಿಯುವುದು ಒಳಿತು. ಬೈಕನ್ನು ಪಾದದ ಬಳಿ ನಿಲ್ಲಿಸಿ ಬಂದವರಿಗೆ ಆ ಸುಖವಿಲ್ಲ, ಹತ್ತಿದ್ದಷ್ಟನ್ನೂ ಇಳಿಯಲೇಬೇಕು. ಹಾಗಾಗಿ ಬೆಳಗ್ಗೆ ಪಾದದವರೆಗೆ ಆಟೋದಲ್ಲೇ ಬನ್ನಿ.