ಪ್ರೊವೈಡ್ ಕೊನೆಗೂ ಹುಡುಗರ ಕೈಗೆ ಹತ್ತಿದ್ದು ಹೀಗೆ

ಅರ್ಥ ಬಿಟ್ಟು ಬರೀ ಜೋಡಿ ವಾಕ್ಯ, ಅಂದರೆ ಒಂದೇ ಸಂಗತಿಯನ್ನು ಎರಡು ಬಗೆಯಲ್ಲಿ ಬರೆದದ್ದು, ಓದಿಸಿದರೆ ಇಂಗ್ಲಿಷ್ ಕ್ರಿಯಾಪದ ಬರುವುದಿಲ್ಲ ಅಂತ ಜೊತೆಯ ಅನುವಾದಕರು ಹೇಳಿದ್ದರು. ಬಂತು. ಪತ್ರ, ಕರಾರು ಅನುವಾದಿಸುವ ಹೊಸಬರ ಕರಡು ತಿದ್ದುವುದು ನನ್ನ ಕೆಲಸ. ಅದರಲ್ಲಿ ಜಾಸ್ತಿ ಕಾಡಿದ್ದು ಪ್ರೊವೈಡ್.

'ಒದಗಿಸು' ಅನ್ನುವುದು ಎಲ್ಲರಿಗೂ ಗೊತ್ತು. ಕನ್ನಡದಲ್ಲಿ 'ಅವರಿಗೆ ಪುಸ್ತಕ', 'ಪುಸ್ತಕ ಅವರಿಗೆ', ಹೇಗೆ ಹೇಳಿದರೂ 'ಗೆ' ಅವರ ಜೊತೆಗೇ ಇರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮನುಷ್ಯ ಮೊದಲು ಬಂದರೆ ವಸ್ತುವಿಗೆ ವಿತ್: 'ಪ್ರೊವೈಡ್ ದೆಮ್ ವಿತ್ ಬುಕ್ಸ್'. ವಸ್ತು ಮೊದಲು ಬಂದರೆ ಮನುಷ್ಯನಿಗೆ ಟು ಅಥವಾ ಫಾರ್. ಗಿವ್‌ಗೆ ವಿತ್ ಬೇಡ, ಅದು ರೂಢಿಯಾದವರು ಇಲ್ಲೂ ವಿತ್ ನುಂಗಿಬಿಡುತ್ತಾರೆ. ಅಮೆರಿಕದವರು ಕೆಲವೊಮ್ಮೆ ಹಾಗೆ ಬರೆಯುವುದುಂಟು. ಕಚೇರಿ ಪತ್ರದಲ್ಲಿ ನಾನಂತೂ ಬಿಡುವುದಿಲ್ಲ.

ಮೊದಲು ಅರ್ಥದ ಚೀಟಿ ಮಾಡಿಸಿದೆ. ಬಾಯಿಪಾಠ ಆಯಿತು, ಬರವಣಿಗೆ ಬದಲಾಗಲಿಲ್ಲ. ಆಮೇಲೆ ವರ್ಷದ ಚಂದಾ ಕಟ್ಟಿ ತಿದ್ದುವ ಸಾಫ್ಟ್‌ವೇರ್ ತಂದೆ. ಆ ತಿಂಗಳ ಗಳಿಕೆಯಲ್ಲಿ ಐದನೇ ಒಂದು ಭಾಗ ಅದಕ್ಕೇ ಹೋಗಿರಬೇಕು. ಅದು ತಿದ್ದುತ್ತಿತ್ತು, ಹುಡುಗರು ಸುಮ್ನೆ ಒಪ್ಪುತ್ತಿದ್ದರು, ಮುಂದಿನ ಪುಟದಲ್ಲಿ ಮತ್ತೆ ಅದೇ. ದೊಡ್ಡ ಪೆಟ್ಟು ಬಿದ್ದದ್ದು ಒಂದು ಕರಾರಿನಲ್ಲಿ. 'ಪ್ರೊವೈಡೆಡ್ ದಟ್' ಅಂದರೆ ಷರತ್ತು, ಕಾನೂನಿನ ಕನ್ನಡದಲ್ಲಿ 'ಪರಂತು'. ಒಬ್ಬ ಹುಡುಗ 'ಒದಗಿಸಲಾಗಿದೆ' ಅಂತ ಬರೆದಿದ್ದ. ಷರತ್ತು ಹೋಗಿ ಭರವಸೆ ಆಯಿತು. ಗಿರಾಕಿ ಸಂಭಾವನೆಯ ಸುಮಾರು ಕಾಲುಭಾಗ ಹಿಡಿದುಕೊಂಡರು.

ಆಗ ಶುರು ಮಾಡಿದ್ದೇ ಜೋಡಿ ವಾಕ್ಯ. ಒಂದೇ ಸಂಗತಿಯನ್ನು ಎರಡು ಸಲ ಬರೆಯಬೇಕು, ಒಮ್ಮೆ ಮನುಷ್ಯ ಮುಂದೆ, ಒಮ್ಮೆ ವಸ್ತು ಮುಂದೆ. ಗಟ್ಟಿಯಾಗಿ ಓದಬೇಕು. ವ್ಯಾಕರಣದ ಮಾತೇ ಇಲ್ಲ. ನಲವತ್ತು ಚಿಲ್ಲರೆ ಜೋಡಿ ಇದ್ದವು. 'ಪ್ರೊವೈಡ್ ಫಾರ್ ದ ಫ್ಯಾಮಿಲಿ', ಅಂದರೆ ಸಂಸಾರ ಸಾಕುವುದು, ಮತ್ತು 'ದ ಆಕ್ಟ್ ಪ್ರೊವೈಡ್ಸ್ ದಟ್', ಅಂದರೆ ಕಾಯ್ದೆ ಹೀಗೆ ಹೇಳುತ್ತದೆ, ಇವಕ್ಕೆ ಬೇರೆ ಪುಟ. ಜೋಡಿಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದನ್ನು ಹೇಳುವುದಿಲ್ಲ, ಅದು ನನ್ನ ಅನ್ನ. ಮೂರು ವಾರ ಕಳೆಯುವಷ್ಟರಲ್ಲಿ ವಿತ್ ತಾನಾಗಿ ಸರಿಯಾದ ಜಾಗಕ್ಕೆ ಬರತೊಡಗಿತು. ಅನುಮಾನಪಟ್ಟವರೇ ಈಗ ಪಟ್ಟಿ ಕೇಳುತ್ತಾರೆ.

ಸಪ್ಲೈ ಮೇಲೂ ಹಚ್ಚಿ ನೋಡಿದೆ, ಹಾಗೇ ಕೂತಿತು. ಎಕ್ಸ್‌ಪ್ಲೇನ್ ಮಾತ್ರ ಬಗ್ಗಲಿಲ್ಲ. ಅದಕ್ಕೆ ವಿತ್ ಇಲ್ಲ, ಯಾವಾಗಲೂ 'ಎಕ್ಸ್‌ಪ್ಲೇನ್ ಟು ಮಿ'. ಜೋಡಿಯೇ ಹುಟ್ಟುವುದಿಲ್ಲ ಅಲ್ವಾ! ಈಗ ಎಂಟ್ರಸ್ಟ್, ಅಂದರೆ ನಂಬಿ ವಹಿಸುವುದು, ಹಿಡಿದಿದ್ದೇನೆ. ಅದಕ್ಕೆ ವಿತ್, ಟು ಎರಡೂ ಇವೆ, ಫಾರ್ ಇಲ್ಲ. ಹುಡುಗರು ಅಲ್ಲೂ ಫಾರ್ ಹಾಕುತ್ತಿದ್ದಾರೆ. ಹೊಸ ಜೋಡಿಗಳು ತಯಾರಾಗುತ್ತಿವೆ.