ಕಾರವಾರ ಕೊಲ್ಲಿಯ ಮರಳ ದಿಬ್ಬ ಉಳಿಸುವ ಕ್ರಮ

ಉತ್ತರಕ್ಕೆ ಕಾಳಿ ನದಿಯ ಅಳಿವೆ, ದಕ್ಷಿಣಕ್ಕೆ ಬೈತಖೋಲದ ಗುಡ್ಡ. ಪಶ್ಚಿಮಕ್ಕೆ ಬಾಯಿ ತೆರೆದ ಕಾರವಾರ ಕೊಲ್ಲಿಗೆ ಅರಬ್ಬಿ ಸಮುದ್ರದ ಮಳೆಗಾಲದ ಅಲೆ ನೇರ ಬಡಿಯುತ್ತದೆ. ದೇವಗಡದಂಥ ನಡುಗಡ್ಡೆಗಳು ಒಂದಿಷ್ಟು ತಡೆಯುತ್ತವೆ, ಅಷ್ಟೇ. ಉಳಿದದ್ದು ಮರಳ ದಿಬ್ಬದ ಕೆಲಸ.

ದಿಬ್ಬಕ್ಕೆ ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿ ಹಚ್ಚಿ. ಮಳೆ ಹಿಡಿದ ಮೇಲೆ ಬಲಿತ ಬಳ್ಳಿಯಿಂದ ಒಂದೂವರೆ ಅಡಿ ತುಂಡು ಕತ್ತರಿಸಿ, ಕನಿಷ್ಠ ಎರಡು ಗೆಣ್ಣು ಮರಳೊಳಗೆ ಹೋಗುವಂತೆ ಅರ್ಧ ಅಡಿ ಆಳಕ್ಕೆ ಓರೆಯಾಗಿ ಹೂಳಿ. ನಡುವೆ ಮೂರಡಿ ಅಂತರ. ಬೇರು ಬಿಡುವುದು ಗೆಣ್ಣಿನಲ್ಲೇ; ಅದು ಮೇಲುಳಿದರೆ ತುಂಡು ಒಣಗುತ್ತದೆ. ದೊಡ್ಡ ಉಬ್ಬರದ ಗೆರೆಗಿಂತ ಕೆಳಗೆ ನೆಟ್ಟರೆ ಅಲೆಯ ಪಾಲು.

ಕಲ್ಲಿನ ಗೋಡೆ ಕಟ್ಟಿದರೆ ಕೊರೆತ ಅದರ ತುದಿಗೆ ಸರಿಯುತ್ತದೆ, ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುವುದರಿಂದ ಆಗ ದಿಬ್ಬದ ಮುಂದಿನ ಮರಳನ್ನು ಅಗೆಯಲೇಬೇಡಿ.